ಪಡಬಿದ್ದ ಹೊಲದ ಕಾಯಕ



ಕಳೆದ ಎಳ್ಳಮಾವಾಸ್ಯೆಯ ಮರುದಿನ ಐಗಳಿಯ ಒಂದು ಒಕ್ಕಲು ಮನೆತನದವರು ಮಠಕ್ಕೆ ಬಂದಿದ್ದರು. ಎಂಬತ್ತು ದಾಟಿದ ತಾಯಿ, ಊರಿನಲ್ಲಿಯೇ ಉಳಿದ ಹಿರಿಯ ಮಗ, ಪುಣೆಯ ಕಾರ್ಖಾನೆಯಲ್ಲಿ ದುಡಿಯುವ ಕಿರಿಯ ಮಗ. ಅವರದು ಆರು ಎಕರೆ ಭೂಮಿ. ಎರಡು ಎಕರೆ ಎರಿ, ನಾಲ್ಕು ಎಕರೆ ಮಡ್ಡಿ. ತಂದೆಯು ಲಿಂಗೈಕ್ಯನಾದ ಮೇಲೆ ಬಾವಿ ಬತ್ತಿತು, ಎತ್ತುಗಳನ್ನು ಮಾರಿದರು, ಹಿರಿಯನು ಪರರ ದ್ರಾಕ್ಷಿ ತೋಟದಲ್ಲಿ ಕೂಲಿಗೆ ನಿಂತನು. ಹನ್ನೊಂದು ವರುಷಗಳಿಂದ ಆ ಹೊಲಕ್ಕೆ ರಂಟೆ ಬಿದ್ದಿಲ್ಲ, ಕೂರಿಗೆ ಹೂಡಿಲ್ಲ. ಹೊಲವು ಪಡ ಬಿದ್ದಿದೆ.

ಹಿರಿಯನು ಹೇಳಿದನು: "ಜೆ.ಸಿ.ಬಿ. ತಂದು ಜಾಲಿ ಎಲ್ಲಾ ಕಿತ್ತ ಒಗದು, ಬೋರ್ ಹೊಡಿಸಿ ಕಬ್ಬ ಹಚ್ಚೂಣು ಅಂತೀನ್ರಿ ಅಪ್ಪಾವರ." ಕಿರಿಯನು ಒಪ್ಪಲಿಲ್ಲ: "ಗಿಡ ಬೆಳದಾವ್ರಿ, ನವಲ ಬಂದಾವು. ಇದ್ದಂಗ ಇರಲಿ. ಈಗ ಹಿಂಗ ಬಿಟ್ಟ ಹೊಲಕ್ಕ ಇಂಗಾಲದ ರೊಕ್ಕ ಕೊಡತಾರಂತ." ತಾಯಿಯ ಚಿಂತೆ ಬೇರೆ. "ಹನ್ನೊಂದ ವರ್ಷ ಆತ್ರಿ, ಆ ಹೊಲದಾಗ ಚರಗ ಚೆಲ್ಲಿಲ್ಲ. ಭೂಮ್ತಾಯಿನ್ನ ಉಪಾಸ ಕೆಡವಿದ ಪಾಪ ನಮಗ ಹತ್ತತೈತೇನ್ರಿ, ಅಪ್ಪಾವರ?"

ಸಹೋದರರ ವ್ಯಾಜ್ಯಕ್ಕೆ ಉತ್ತರ ಹೇಳುವುದು ಸುಲಭ. ಆ ತಾಯಿಯ ಪ್ರಶ್ನೆಗೆ ನಾವು ಅಂದು ಉತ್ತರ ಹೇಳಲಿಲ್ಲ. ಒಂದು ತಿಂಗಳು ಅವಕಾಶ ಕೇಳಿದೆವು. ಅದಕ್ಕೆ ಕಾರಣವಿದೆ, ಅದನ್ನು ಮರೆಮಾಚದೆ ನಿಮ್ಮ ಮುಂದಿಡುವುದು ನಮ್ಮ ಕರ್ತವ್ಯ.

ಸುಮಾರು ಇಪ್ಪತ್ತೈದು ವರುಷಗಳ ಹಿಂದೆ, ನಾವಿನ್ನೂ ಹರೆಯದ ಉತ್ಸಾಹದಲ್ಲಿದ್ದಾಗ, ಶ್ರಾವಣದ ಪ್ರವಚನವೊಂದರಲ್ಲಿ ಹೊಲವನ್ನು ಪಡ ಬಿಡುವವನು ಕಾಯಕಭ್ರಷ್ಟನೆಂದು ಗಟ್ಟಿಯಾಗಿ ಸಾರಿದ್ದೆವು. ಸಭೆಯು ತಲೆದೂಗಿತು. ಆ ಸಭೆಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಬಡ ಹೆಣ್ಣುಮಗಳಿದ್ದಳು. ಅವಳ ಪಾಲಿಗಿದ್ದುದು ಇಳಿಜಾರಿನ ಮೂರು ಎಕರೆ ಮಡ್ಡಿ. ಹುಲ್ಲು ಬೆಳೆದು ನಿಂತಿತ್ತು. ಮುಂದಿನ ವರುಷ ಅವಳು ಸಾಲ ಮಾಡಿ, ಹುಲ್ಲು ಹಿಡಿದಿದ್ದ ಹಳೆಯ ಒಡ್ಡುಗಳನ್ನೂ ಸೇರಿಸಿ ಇಳಿಜಾರಿನ ಗುಂಟ ಉಳಿಸಿದಳು, ಸಜ್ಜೆ ಬಿತ್ತಿಸಿದಳು. ಉತ್ತರಿ ಮಳೆಯು ಒಂದೇ ರಾತ್ರಿಯಲ್ಲಿ ಮಣ್ಣನ್ನೆಲ್ಲ ಹಳ್ಳಕ್ಕೆ ಒಯ್ದಿತು. ಮೇಲೆ ಉಳಿದದ್ದು ಗರಸು. ಅವಳು ನಮ್ಮನ್ನು ನಿಂದಿಸಲಿಲ್ಲ. ಉಡಿಯಲ್ಲಿ ಒಂದು ಬೊಗಸೆ ಸಜ್ಜೆ ಕಟ್ಟಿಕೊಂಡು ಮಠಕ್ಕೆ ಬಂದು, "ಅಪ್ಪಾವರು ಹೇಳಿದಂಗ ಬಿತ್ತೀನ್ರಿ, ಇಷ್ಟ ಬಂತ್ರಿ" ಎಂದು ಗದ್ದುಗೆಯ ಮುಂದೆ ಸುರಿದು ಹೋದಳು. ಆ ಬೊಗಸೆ ಸಜ್ಜೆಯ ಭಾರವು ಇಂದಿಗೂ ನಮ್ಮಿಂದ ಇಳಿದಿಲ್ಲ. ಅಂದಿನಿಂದ ನಮ್ಮನ್ನು ಕಾಡುತ್ತಿರುವ ಪ್ರಶ್ನೆ ಇದು: ಮನುಷ್ಯನು ಉಳದೆ ಬಿಟ್ಟ ಭೂಮಿ ಸುಮ್ಮನಿರುತ್ತದೆಯೆ? ಸುಮ್ಮನಿರದಿದ್ದರೆ, ಅದನ್ನು ಬಿಟ್ಟವನ ಪಾಪ ಪುಣ್ಯಗಳನ್ನು ಎಣಿಸುವ ಬಗೆ ಯಾವುದು?

ಪಡ, ಬೀಳು, ಪಾಳು ಎಂಬ ಮಾತುಗಳನ್ನು ಗಮನಿಸಿರಿ. ಮೂರರಲ್ಲಿಯೂ ಮನುಷ್ಯನ ಕೈ ಇಲ್ಲವೆಂಬ ಸೂಚನೆಯಿದೆಯೇ ಹೊರತು, ಭೂಮಿಯ ಕಡೆಯಿಂದ ನೋಡಿದ ಮಾತು ಒಂದೂ ಇಲ್ಲ. ಆದುದರಿಂದ ಧರ್ಮವಿಚಾರಕ್ಕೆ ಕೈ ಹಾಕುವ ಮೊದಲು ಪಡಬಿದ್ದ ಹೊಲವು ಏನು ಮಾಡುತ್ತದೆಂಬುದನ್ನು ಅರಿಯಬೇಕು. ಅರಿವಿಲ್ಲದ ಧರ್ಮೋಪದೇಶ ಎಂತಹುದೆಂಬುದಕ್ಕೆ ನಾವೇ ಸಾಕ್ಷಿ.

ಅಥಣಿಯಿಂದ ವಿಜಯಪುರದ ಕಡೆಗೆ ಸಾಗುವ ದಾರಿಯ ಈ ಸೀಮೆಯು ಮಳೆ ಕಡಿಮೆಯ ಸೀಮೆ. ಕೃಷ್ಣೆ ದಕ್ಷಿಣದಲ್ಲಿ ಹರಿಯುತ್ತಾಳೆ. ಇಲ್ಲಿಯ ಎತ್ತರದ ಭೂಮಿ ಆಕಾಶವನ್ನು ನಂಬಿ ಬದುಕಿದ್ದು. ಇಲ್ಲಿಯ ಬಂಡೆ ಸುಣ್ಣಕಲ್ಲಲ್ಲ, ಕರಿಕಲ್ಲು. ಸುಮಾರು 6.6 ಕೋಟಿ ವರುಷಗಳ ಹಿಂದೆ ನೆಲದ ಬಿರುಕುಗಳಿಂದ ಹರಿದು ಹರಡಿದ ಲಾವಾರಸವು ಆರಿ ಗಟ್ಟಿಯಾದ ಬಂಡೆಯಿದು. ನಿಜವಾದ ಸುಣ್ಣಕಲ್ಲಿನ ನಾಡು ನಮ್ಮಿಂದ ದೂರವೇನೂ ಇಲ್ಲ. ನಮ್ಮ ಜಿಲ್ಲೆಯ ಯಾದವಾಡದಲ್ಲಿ, ಬಾಗಲಕೋಟೆ ಜಿಲ್ಲೆಯ ಲೋಕಾಪುರ ಕಲಾದಗಿಗಳಲ್ಲಿ, ಕಲಬುರ್ಗಿ ಜಿಲ್ಲೆಯ ಶಹಾಬಾದ ಸೇಡಂಗಳಲ್ಲಿ ಆ ಕಲ್ಲು ಪದರುಪದರಾಗಿ ಹಾಸಿದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ ಫರಸಿಯೂ ಸುಣ್ಣಕಲ್ಲೇ ಆಗಿದೆ. ಆದರೆ ಐಗಳಿಯ ಎರಿ ಹೊಲವನ್ನು ಮೂರು ನಾಲ್ಕು ಅಡಿ ಅಗೆದು ನೋಡಿರಿ. ಕರಿಮಣ್ಣಿನ ಒಡಲಲ್ಲಿ ಬಿಳಿಯ ಹರಳುಗಳು ಕಾಣಿಸುವವು. ನಮ್ಮ ಹಿರಿಯರು ಆ ಸುಣ್ಣದ ಹರಳುಗಳನ್ನು ಆರಿಸಿ ಬಟ್ಟಿಯಲ್ಲಿ ಸುಟ್ಟು ಮನೆ ಕಟ್ಟುತ್ತಿದ್ದರು. ಕರಿಕಲ್ಲಿನ ನಾಡಿಗೆ ಸುಣ್ಣ ಬಂದದ್ದೆಲ್ಲಿಂದ? ಈ ಪ್ರಶ್ನೆಯಲ್ಲಿಯೇ ಹೊಲದ ಕಾಯಕದ ಗುಟ್ಟು ಅಡಗಿದೆ.

ನಾವು ಹೊರಬಿಡುವ ಉಸಿರಿನಲ್ಲಿ ಇಂಗಾಲಾಮ್ಲ ವಾಯು ಇರುವುದನ್ನು ನೀವು ಶಾಲೆಯಲ್ಲಿ ಕಲಿತಿದ್ದೀರಿ. ಮಣ್ಣೂ ಉಸಿರಾಡುತ್ತದೆ. ಬೇರುಗಳೂ ಮಣ್ಣಿನೊಳಗಿನ ಅಗಣಿತ ಸೂಕ್ಷ್ಮಜೀವಿಗಳೂ ಬಿಡುವ ಈ ವಾಯುವು ಮಣ್ಣಿನ ಸಂದುಗಳಲ್ಲಿ ಹೊರಗಿನ ಗಾಳಿಗಿಂತ ಹತ್ತಾರು ಪಾಲು ದಟ್ಟವಾಗಿರುತ್ತದೆ. ಮಳೆಯ ನೀರು ಅದನ್ನು ಕೂಡಿಕೊಂಡು ಸೌಮ್ಯವಾದ ಆಮ್ಲವಾಗುತ್ತದೆ. ಆ ಆಮ್ಲವು ಕರಿಕಲ್ಲನ್ನು ಮೆಲ್ಲಮೆಲ್ಲನೆ ಕರಗಿಸಿ ಅದರಲ್ಲಿರುವ ಸುಣ್ಣದ ಸತ್ವವನ್ನು ನೀರಿಗೆ ಬಿಡುತ್ತದೆ. ಬಿಸಿಲು ನೀರನ್ನು ಹೀರಿದಾಗ ಆ ಸತ್ವವೂ ಗಾಳಿಯ ಇಂಗಾಲವೂ ಒಂದಾಗಿ ಬಿಳಿಯ ಹರಳಾಗುತ್ತವೆ. ಅಂದರೆ ನಮ್ಮ ಹೊಲದ ಒಂದೊಂದು ಸುಣ್ಣದ ಹರಳಿನಲ್ಲಿಯೂ ಸಾವಿರಾರು ವರುಷಗಳ ಹಿಂದಿನ ಉಸಿರು ಕಲ್ಲಾಗಿ ಕುಳಿತಿದೆ. ಜಂಗಮವಾದದ್ದು ಸ್ಥಾವರವಾಗಿದೆ.

ಇದರ ವಿರುದ್ಧ ಕ್ರಮವನ್ನು ಸುಣ್ಣದ ಬಟ್ಟಿಯಲ್ಲಿ ಕಾಣಬಹುದು. ನೂರು ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲಾಮ್ಲ ವಾಯು ಆಕಾಶಕ್ಕೇರುತ್ತದೆ. ಸಿಮೆಂಟಿನ ಕಾರ್ಖಾನೆಗಳಲ್ಲಿ ನಡೆಯುವುದೂ ಮುಖ್ಯವಾಗಿ ಇದೇ. ಆದರೆ ಸುಣ್ಣವನ್ನು ಅರೆದು ಗಚ್ಚು ಮಾಡಿ ಗೋಡೆಗೆ ಹಚ್ಚಿದರೆ, ಅದು ಗಾಳಿಯಿಂದ ಅದೇ ವಾಯುವನ್ನು ಮರಳಿ ಕುಡಿಯುತ್ತ ವರುಷಗಳುದ್ದಕ್ಕೂ ಕಲ್ಲಾಗುತ್ತ ಹೋಗುತ್ತದೆ. 1921ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳ ತಪಸ್ಸಿನಿಂದ ಪಾವನವಾದ ಅಥಣಿಯ ಗಚ್ಚಿನಮಠದ ಹೆಸರು ನಿಮಗೆಲ್ಲ ಗೊತ್ತು. ಗಚ್ಚು ಎಂಬುದು ಕೊಟ್ಟದ್ದನ್ನು ಮರಳಿ ಪಡೆಯುವ, ಪಡೆದುದನ್ನು ಕಾಪಾಡುವ ಪದಾರ್ಥ.

ಇಲ್ಲಿ ಒಂದು ಸೂಕ್ಷ್ಮವಿದೆ. ಮುಂದಿನ ಧರ್ಮವಿಚಾರಕ್ಕೆ ಇದು ಬೇಕಾಗುವುದು. ಸುಣ್ಣಕಲ್ಲಿನ ನೆಲದಲ್ಲಿ ಮಳೆನೀರು ಕಲ್ಲನ್ನು ಕರಗಿಸುವಾಗ ಗಾಳಿಯ ಇಂಗಾಲವನ್ನು ಒಂದು ಪಾಲು ಪಡೆಯುತ್ತದೆ. ಆ ನೀರು ಮುಂದೆ ಎಲ್ಲಿಯೋ ಆರಿ ಸುಣ್ಣವು ಮತ್ತೆ ಕಲ್ಲಾದಾಗ ಆ ಒಂದು ಪಾಲನ್ನು ಗಾಳಿಗೆ ಹಿಂದಿರುಗಿಸುತ್ತದೆ. ಅದು ಸಾಲ, ತೆಗೆದುಕೊಂಡಷ್ಟನ್ನೇ ಕೊಡುವ ವ್ಯವಹಾರ. ಕರಿಕಲ್ಲಿನ ನೆಲದಲ್ಲಾದರೋ ಕರಗುವಾಗ ಎರಡು ಪಾಲು ಪಡೆದು, ಹರಳಾಗುವಾಗ ಒಂದನ್ನು ಹಿಂದಿರುಗಿಸಿ ಒಂದನ್ನು ಕಲ್ಲಿನಲ್ಲಿ ಇರಿಸಿಕೊಳ್ಳುತ್ತದೆ. ಅದು ಠೇವಣಿ. ಆದರೆ ಈ ಠೇವಣಿ ಬೆಳೆಯುವುದು ಸಾವಿರ ವರುಷಗಳ ಲೆಕ್ಕದಲ್ಲಿ. ಹನ್ನೊಂದು ವರುಷ ಪಡ ಬಿಟ್ಟವನು ಅದನ್ನು ತನ್ನ ಗಳಿಕೆಯೆಂದು ಹೇಳಿಕೊಳ್ಳಲು ಬಾರದು.

ಇನ್ನು ನೀರಿನ ಮಾತು. ಬೇಸಗೆಯಲ್ಲಿ ಕಾದ ಹೊಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ಪರಿಮಳಕ್ಕೆ ಮನಸೋಲದವರಿಲ್ಲ. ಆ ಕ್ಷಣದಲ್ಲಿಯೇ, ಒಣಗಿ ಮಲಗಿದ್ದ ಸೂಕ್ಷ್ಮಜೀವಿಗಳು ಎಚ್ಚೆತ್ತು, ಮಣ್ಣು ಒಮ್ಮೆಲೆ ದೀರ್ಘವಾದ ಉಸಿರನ್ನು ಹೊರಬಿಡುತ್ತದೆ. ಪೂರ್ವ ಆಫ್ರಿಕದ ಮಣ್ಣುಗಳನ್ನು ಪರೀಕ್ಷಿಸಿದ ಬರ್ಚ್ ಎಂಬ ವಿಜ್ಞಾನಿಯು 1958ರಲ್ಲಿ ಈ ವಿಷಯವನ್ನು ಬರೆದನು. ಆಮೇಲೆ ಹುಲ್ಲು ಚಿಗುರುತ್ತದೆ, ಕಂಟಿಗಳು ಎಲೆ ತಳೆಯುತ್ತವೆ, ಹೊರಬಿಟ್ಟ ಉಸಿರನ್ನು ಎಲೆಗಳು ಮರಳಿ ಸೆಳೆಯತೊಡಗುತ್ತವೆ. ಆದರೆ ಎಲೆಯು ಇಂಗಾಲವನ್ನು ಪಡೆಯಲು ತನ್ನ ಬಾಯಿ ತೆರೆಯಬೇಕು. ಬಾಯಿ ತೆರೆದಾಗ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಕೊಲೊರಾಡೊ ಪ್ರಾಂತದಲ್ಲಿ ಮಾಡಿದ ಪ್ರಸಿದ್ಧ ಪ್ರಯೋಗಗಳಲ್ಲಿ, ಒಂದು ಕಿಲೋ ಒಣ ಪದಾರ್ಥವನ್ನು ಬೆಳೆಯಲು ಜೋಳಕ್ಕೆ ಸುಮಾರು 300 ಕಿಲೋ, ಗೋಧಿಗೆ ಸುಮಾರು 500 ಕಿಲೋ ನೀರು ತಗಲುವುದೆಂದು ಕಂಡುಬಂದಿತು. ಇಂಗಾಲವನ್ನು ಕೊಳ್ಳುವ ನಾಣ್ಯ ನೀರು. ಹೊಲದಲ್ಲಿ ಕಾಡು ಬೆಳೆಯಿತೆಂದು ಸಂತೋಷಪಡುವವರು ಆ ನಾಣ್ಯವನ್ನು ಯಾರ ಬಾವಿಯಿಂದ ಎಣಿಸಿಕೊಡಲಾಯಿತೆಂದು ಕೇಳಬೇಕು. ಬಳ್ಳಾರಿ ಜಾಲಿಯ ಬೇರು ಆಳಕ್ಕಿಳಿದು ಅಂತರ್ಜಲವನ್ನೂ ಹೀರಬಲ್ಲುದು. ಹುಲ್ಲು, ಆವರಿಕೆ, ಬಾರಿ, ಬೇವುಗಳ ಬೇರುಗಳಾದರೋ ನೆಲವನ್ನು ಸಡಿಲಿಸಿ, ಓಡುವ ಮಳೆಯನ್ನು ತಡೆದು ನಿಲ್ಲಿಸಿ ಕೆಳಗಿಳಿಸುತ್ತವೆ, ತಾವೂ ಕುಡಿಯುತ್ತವೆ. ಆದುದರಿಂದ ಪಡಬಿದ್ದ ಹೊಲವು ನೀರನ್ನು ಉಳಿಸುತ್ತದೆಯೋ ಕಳೆಯುತ್ತದೆಯೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಇಳಿಜಾರು, ಮಣ್ಣು, ಬೆಳೆದ ಗಿಡದ ಜಾತಿ ಇವುಗಳನ್ನು ನೋಡಿ ಹೇಳಬೇಕು.

ಈ ಉಸಿರಿನ ಲೆಕ್ಕವನ್ನು ಅಳೆಯುವ ವಿದ್ಯೆಯೂ ಈಗ ಬಂದಿದೆ. ಹೊಲದ ನಡುವೆ ಕಂಬವನ್ನು ನೆಟ್ಟು, ಗಾಳಿಯ ಏರಿಳಿತವನ್ನೂ ಅದರಲ್ಲಿಯ ಇಂಗಾಲಾಮ್ಲ ಮತ್ತು ನೀರಾವಿಯನ್ನೂ ಸೆಕೆಂಡಿಗೆ ಹತ್ತಿಪ್ಪತ್ತು ಸಲ ಅಳೆಯುತ್ತಾರೆ. ವರುಷವಿಡೀ ಅಳೆದು ಕೂಡಿಸಿದಾಗ ಆ ಭೂಮಿ ಗಾಳಿಗೆ ಕೊಟ್ಟದ್ದೆಷ್ಟು, ಪಡೆದದ್ದೆಷ್ಟು ಎಂಬುದು ತಿಳಿಯುವುದು. ಯುರೋಪಿನ ಸ್ಲೊವೇನಿಯ ದೇಶದಲ್ಲಿ ಕ್ರಾಸ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯಿದೆ. ಜಗತ್ತಿನಲ್ಲಿ ಇಂತಹ ಭೂಮಿಗಳಿಗೆಲ್ಲ ಕಾರ್ಸ್ಟ್ ಎಂಬ ಶಾಸ್ತ್ರೀಯ ಹೆಸರು ಬಂದದ್ದು ಆ ಊರ ಸೀಮೆಯಿಂದಲೇ. ಕುರಿ ಮೇಯಿಸಿ, ತುಂಡು ಹೊಲ ಉತ್ತು ಬದುಕಿದ್ದ ಅಲ್ಲಿಯ ಜನ ಇಪ್ಪತ್ತನೆಯ ಶತಮಾನದಲ್ಲಿ ಭೂಮಿಯನ್ನು ಬಿಟ್ಟು ಹೊರಟರು. ಹುಲ್ಲುಗಾವಲಿನ ಮೇಲೆ ಕುರುಚಲು ಕಾಡು ಏರಿತು. ಅಲ್ಲಿ ಕಂಬ ನೆಟ್ಟು ಅಳೆದಾಗ, ಕುರುಚಲು ಏರಿದ ನೆಲವು ವರುಷದ ಲೆಕ್ಕದಲ್ಲಿ ಇಂಗಾಲವನ್ನು ಕೂಡಿಸಿಕೊಂಡರೆ, ಪಕ್ಕದ ಹುಲ್ಲುಗಾವಲು ಕಳೆದುಕೊಳ್ಳುತ್ತಿದ್ದುದು ಕಂಡುಬಂದಿತು. ಸುಣ್ಣಕಲ್ಲಿನ ನೆಲದಲ್ಲಿ ಮತ್ತೊಂದು ತೊಡಕೂ ಇದೆ. ಕೆಳಗಿನ ಬಿರುಕು ಗುಹೆಗಳಲ್ಲಿ ತುಂಬಿದ ವಾಯುವು ಗಾಳಿ ಬೀಸಿದಾಗ ಹೊರಬರುವುದುಂಟು. ಅದನ್ನು ಗಿಡಗಳ ಉಸಿರೆಂದು ಬಗೆದರೆ ಲೆಕ್ಕ ತಪ್ಪುವುದು. ಭೂಮಿಯ ಅಂತರಂಗದ ಲೆಕ್ಕ ಅಷ್ಟು ಸುಲಭವಾಗಿ ಕೈಗೆ ಸಿಗುವಂತಹುದಲ್ಲ.

ಇಷ್ಟರಿಂದಲೇ ಬಿಟ್ಟುಬಿಡುವುದೇ ಲೇಸೆಂದು ತೀರ್ಮಾನಿಸುವಂತಿಲ್ಲ. ತೆಲಂಗಾಣದ ಪಟಾಂಚೆರುವಿನಲ್ಲಿರುವ ಅಂತರರಾಷ್ಟ್ರೀಯ ಕೃಷಿ ಸಂಶೋಧನ ಸಂಸ್ಥೆ ಇಕ್ರಿಸ್ಯಾಟ್ 1976ರಿಂದ ಎರಿಮಣ್ಣಿನ ಹೊಲಗಳಲ್ಲಿ ಒಂದು ದೀರ್ಘಪ್ರಯೋಗವನ್ನು ನಡೆಸಿತು. ಮುಂಗಾರಿನಲ್ಲಿ ಹೊಲವನ್ನು ಬರಿದಾಗಿ ಬಿಟ್ಟು ಹಿಂಗಾರಿಗೆ ಮಾತ್ರ ಬಿತ್ತುವ ನಮ್ಮ ಹಳೆಯ ಪದ್ಧತಿಯಲ್ಲಿ ಹೆಕ್ಟೇರಿಗೆ ವರುಷಕ್ಕೆ ಸುಮಾರು ಒಂದು ಟನ್ನು ಕಾಳು ಬಂದರೆ, ಏರುಮಡಿ ಮಾಡಿ, ನೀರನ್ನು ನಿಧಾನವಾಗಿ ಬಸಿದು, ಮಳೆಗಾಲದಲ್ಲಿಯೂ ದ್ವಿದಳವನ್ನು ಸೇರಿಸಿ ಬೆಳೆದಲ್ಲಿ ಸುಮಾರು ಐದು ಟನ್ನು ಬಂದಿತು. ಅಷ್ಟೇ ಅಲ್ಲ, ಆ ಮಣ್ಣಿನಲ್ಲಿ ಇಂಗಾಲವೂ ಹೆಚ್ಚಿತು. ಎರಿಮಣ್ಣಿಗೆ ಮತ್ತೊಂದು ರೋಗವುಂಟು. ಒಣನಾಡಿನಲ್ಲಿ ಸುಣ್ಣವು ಹರಳಾಗಿ ಕೂತಂತೆಲ್ಲ ಮಣ್ಣಿನ ಕಣಗಳ ಮೇಲೆ ಸೋಡದ ಅಂಶವು ಮೇಲುಗೈಯಾಗುತ್ತದೆ. ಕೆಳಮಣ್ಣು ಬಿಗಿದು ನೀರಿಗೆ ದಾರಿ ಕೊಡದು. ಸುಣ್ಣ ಕಲ್ಲಾದಷ್ಟೂ ಮಣ್ಣಿನ ಬಾಯಿ ಮುಚ್ಚುವುದು. ನಾಗಪುರದ ಮಣ್ಣಿನ ವಿಜ್ಞಾನಿಗಳು ಇದನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಇದಕ್ಕೆ ಮದ್ದು ಬೇರು ಮತ್ತು ಗೊಬ್ಬರ. ಬೇರಿನ ಉಸಿರಿನಿಂದ ಹುಟ್ಟಿದ ಆಮ್ಲವು ಹರಳನ್ನು ಕರಗಿಸಿ ಸುಣ್ಣವನ್ನು ಮರಳಿ ಮಣ್ಣಿಗೆ ಕೊಡುತ್ತದೆ. ಆದುದರಿಂದ ಆಳವಾದ ಎರಿಯ ಹೊಲಕ್ಕೆ ವಿವೇಕವುಳ್ಳ ಕೈಯ ಸೇವೆಯು ಕೈ ಬಿಡುವುದಕ್ಕಿಂತ ಹಿತ.

ಇನ್ನು ಕೃಷ್ಣೆಯ ದಂಡೆಗೆ ಇಳಿಯೋಣ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದೀತೀರದಲ್ಲಿ ಸವಳು ಜವಳಾಗಿ ಪಡ ಬಿದ್ದ ಭೂಮಿಯನ್ನು ನೀವು ಕಂಡಿದ್ದೀರಿ. ಕಬ್ಬಿಗೆ ಲೆಕ್ಕವಿಲ್ಲದೆ ನೀರು ಹಾಯಿಸಿ, ಬಸಿದು ಹೋಗಲು ದಾರಿ ಮಾಡದೆ, ಕೆಳಗಿನ ನೀರಿನ ಮಟ್ಟವು ಮೇಲೇರಿ, ಉಪ್ಪು ನೆಲದ ಮೇಲೆ ಬೆಳ್ಳಗೆ ಉಬ್ಬಿತು. ಅಲ್ಲಿ ಭೂಮಿಯನ್ನು ಬಿಟ್ಟು ನಡೆದರೆ ಅದು ತಾನಾಗಿ ಗುಣವಾಗುವುದೆಂಬ ಭರವಸೆಯಿಲ್ಲ. ಬಸಿಗಾಲುವೆ ತೋಡಬೇಕು, ಪರೀಕ್ಷಿಸಿ ಜಿಪ್ಸಂ ಹಾಕಬೇಕು, ಡಯಂಚ ಸೆಣಬುಗಳನ್ನು ಬಿತ್ತಿ ಹಸಿಗೊಬ್ಬರ ಮಾಡಬೇಕು. ಇದು ಒಬ್ಬನಿಂದಾಗುವ ಕೆಲಸವೂ ಅಲ್ಲ. ಒಬ್ಬನ ಹೊಲದಿಂದ ಬಸಿದ ನೀರು ಮತ್ತೊಬ್ಬನ ಹೊಲಕ್ಕೆ ನುಗ್ಗದಂತೆ ಊರೇ ಕೂಡಿ ಮಾಡಬೇಕಾದುದು.

ಈಗ ಧರ್ಮವಿಚಾರಕ್ಕೆ ಬರೋಣ.

ಕಾಯಕವೆಂದರೆ ಬರಿಯ ದುಡಿತವಲ್ಲ. ದುಡಿತವೇ ಕಾಯಕವಾಗಿದ್ದರೆ ಬೆಟ್ಟವನ್ನು ಅಗೆದು ಮಾರುವವನು ಎಲ್ಲರಿಗಿಂತ ದೊಡ್ಡ ಕಾಯಕಯೋಗಿಯಾಗುತ್ತಿದ್ದನು. ದುಡಿತದ ಫಲವು ಸಮಾಜಕ್ಕೆ ಸಲ್ಲಬೇಕು, ದುಡಿಯುವ ಬಗೆ ಸತ್ಯಶುದ್ಧವಾಗಿರಬೇಕು ಎಂಬ ಎರಡು ಕಟ್ಟುಗಳು ಕೂಡಿದಾಗ ಮಾತ್ರ ದುಡಿತವು ಕಾಯಕವಾಗುವುದು. ನಾವು ಅಂದು ಆ ಹೆಣ್ಣುಮಗಳಿಗೆ ದುಡಿತವನ್ನು ಬೋಧಿಸಿದೆವು, ಕಾಯಕವನ್ನು ಬೋಧಿಸಲಿಲ್ಲ. ಅವಳ ಮಡ್ಡಿಯ ಹುಲ್ಲು ಮಣ್ಣನ್ನು ಹಿಡಿದು, ಮಳೆಯನ್ನು ಇಂಗಿಸಿ, ಕೆಳಗಿನವರ ಬಾವಿಗೆ ನೀರು ಕೊಡುತ್ತಿತ್ತು. ಆ ಹುಲ್ಲಿನ ಕಾಯಕವು ನಮ್ಮ ಕಣ್ಣಿಗೆ ಬೀಳಲಿಲ್ಲ. ಏಕೆಂದರೆ ಅದರಲ್ಲಿ ಮನುಷ್ಯನ ಕೈ ಇರಲಿಲ್ಲ.

ಹಾಗಾದರೆ ಭೂಮಿಯನ್ನು ಬಿಟ್ಟವನೆಲ್ಲ ಪುಣ್ಯವಂತನೆ? ಅದೂ ಅಲ್ಲ. ಬಿಡುವುದು ಬೇರೆ, ತೊರೆಯುವುದು ಬೇರೆ. ತೊಟ್ಟಿಲಲ್ಲಿ ಮಲಗಿದ ಕೂಸನ್ನು ಮಲಗಲು ಬಿಟ್ಟು ಪಕ್ಕದಲ್ಲಿ ಕುಳಿತ ತಾಯಿಯೂ ಕೂಸನ್ನು ಎತ್ತಿಕೊಂಡಿಲ್ಲ. ಸಂತೆಯಲ್ಲಿ ಕೂಸನ್ನು ಬಿಟ್ಟು ಹೋದವಳೂ ಎತ್ತಿಕೊಂಡಿಲ್ಲ. ನೋಡುವವರಿಗೆ ಎರಡೂ ಒಂದೇ. ವ್ಯತ್ಯಾಸವಿರುವುದು ಎಚ್ಚರದಲ್ಲಿ. ಭೂಮಿಗೆ ವಿಶ್ರಾಂತಿ ಬೇಕೆಂದು ಅರಿತು, ಒಡ್ಡನ್ನು ಸರಿಮಾಡಿ, ಬಳ್ಳಾರಿ ಜಾಲಿ ಹಬ್ಬದಂತೆ ನೋಡಿಕೊಂಡು, ವರುಷಕ್ಕೊಮ್ಮೆಯಾದರೂ ಹೊಲಕ್ಕೆ ಕಾಲಿಟ್ಟು ಬರುವವನು ಭೂಮಿಯನ್ನು ಬಿಟ್ಟಿದ್ದಾನೆ, ತೊರೆದಿಲ್ಲ. ಉತಾರದಲ್ಲಿ ಹೆಸರನ್ನು ಭದ್ರವಾಗಿರಿಸಿಕೊಂಡು, ಹೊಲ ಯಾವ ದಿಕ್ಕಿಗಿದೆಯೆಂಬುದನ್ನೂ ಮರೆತವನು ತೊರೆದಿದ್ದಾನೆ. ಇನ್ನು ನದೀತೀರದಲ್ಲಿ ತಾನೇ ಉಪ್ಪೇರಿಸಿ ಕೆಡಿಸಿದ ಭೂಮಿಯನ್ನು ಬಿಟ್ಟು, "ಪ್ರಕೃತಿಗೆ ಒಪ್ಪಿಸಿದೆ" ಎನ್ನುವವನ ಮಾತಿನಲ್ಲಿ ತ್ಯಾಗವೆಂಬುದಿಲ್ಲ. ಗಾಯ ಮಾಡಿದವನಿಗೆ ಶುಶ್ರೂಷೆಯ ಋಣವಿದೆ. ಅದನ್ನು ತೀರಿಸದೆ ಎದ್ದು ಹೋಗುವ ಅಧಿಕಾರವಿಲ್ಲ.

ಇಂಗಾಲದ ರೊಕ್ಕದ ಮಾತನ್ನೂ ಇಲ್ಲಿಯೇ ವಿಚಾರಿಸಬೇಕು. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲಾಮ್ಲವು ಈಗ 420ನ್ನು ದಾಟಿದೆ. ಜಗತ್ತು ಕಾಯುತ್ತಿದೆ, ಮಳೆಯ ಕ್ರಮ ಕೆಡುತ್ತಿದೆ. ಇಂಗಾಲವನ್ನು ಹಿಡಿದಿಡುವ ಭೂಮಿಗೆ ಬೆಲೆ ಕಟ್ಟುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಅಲ್ಲಿ ಸತ್ಯಶುದ್ಧತೆ ಬೇಕು. ಸಾಲವನ್ನು ದಾನವೆಂದು ಬರೆಯಬಾರದು. ಗುಹೆಯ ಉಸಿರನ್ನು ಗಿಡದ ಉಸಿರೆಂದು ಎಣಿಸಬಾರದು. ಇಂದು ಗಿಡದಲ್ಲಿ ನಿಂತ ಇಂಗಾಲವು ನಾಳೆ ಬೆಂಕಿಗೆ ಬಿದ್ದರೆ ಒಂದೇ ದಿನದಲ್ಲಿ ಮರಳಿ ಹೋಗುವುದೆಂಬುದನ್ನು ಮರೆಯಬಾರದು. ಎಲ್ಲಕ್ಕಿಂತ ಮಿಗಿಲಾಗಿ, ನಾವಿಲ್ಲದಾಗ ಭೂಮಿ ಮಾಡಿದ ಪುಣ್ಯವನ್ನು ನಮ್ಮ ಹೆಸರಿನ ಖಾತೆಗೆ ಜಮೆ ಮಾಡಿಕೊಳ್ಳುವಾಗ ಸ್ವಲ್ಪವಾದರೂ ನಾಚಿಕೆಯಿರಬೇಕು.

ತಿಂಗಳು ತುಂಬಿದಾಗ ಆ ಮನೆತನದವರು ಮತ್ತೆ ಬಂದರು. ನಾವು ಇಷ್ಟನ್ನೂ ಅವರಿಗೆ ಅವರ ಮಾತಿನಲ್ಲಿ ಹೇಳಿದೆವು. ಹಿರಿಯ ಮಗನು ಕೇಳಿಸಿಕೊಂಡು ಕೈಮುಗಿದು ಒಂದು ಮಾತು ಕೇಳಿದನು: "ಅಪ್ಪಾವರ, ಉಸರಿನ ಲೆಕ್ಕ ಹೊಟ್ಟಿಗಿ ಹಾಕ್ಕೊಳ್ಳಾಕ ಬರತೈತೇನ್ರಿ? ತಮ್ಮಗ ಪಗಾರ ಐತಿ, ಗಿಡ ನೋಡಿ ಸಂತೋಷ ಪಡತಾನ. ನಾ ಏನ್ ತಿನ್ಲಿ?"

ವಾಚಕರೆ, ಈ ಪ್ರಶ್ನೆಗೆ ಉತ್ತರವಿಲ್ಲದ ಧರ್ಮವು ಧರ್ಮವೇ ಅಲ್ಲ. ಭೂಮಿಯ ವಿಶ್ರಾಂತಿಯ ಖರ್ಚನ್ನು ಯಾರು ಕೊಡಬೇಕು? ಚೀನ ದೇಶವು 1999ರಲ್ಲಿ ಇಳಿಜಾರಿನ ಹೊಲಗಳನ್ನು ಉಳುಮೆಯಿಂದ ಬಿಡಿಸಿ ಕಾಡು ಹುಲ್ಲುಗಳಿಗೆ ಒಪ್ಪಿಸುವ ಕಾರ್ಯವನ್ನು ಆರಂಭಿಸಿತು. ಗ್ವಿಝೌ ಮೊದಲಾದ ಸುಣ್ಣಕಲ್ಲಿನ ಬೆಟ್ಟನಾಡುಗಳೂ ಅದರಲ್ಲಿ ಸೇರಿದ್ದವು. ಹೊಲ ಬಿಟ್ಟ ರೈತರಿಗೆ ಸರಕಾರವು ಧಾನ್ಯವನ್ನೂ ಹಣವನ್ನೂ ಕೊಟ್ಟಿತು. ಆ ಕಾರ್ಯದ ಗುಣದೋಷಗಳೇನೇ ಇರಲಿ, ಅದರೊಳಗೊಂದು ನ್ಯಾಯವಿದೆ: ಎಲ್ಲರಿಗಾಗಿ ಬಿಡುವವನ ಹಸಿವು ಎಲ್ಲರ ಹೊಣೆ. ದಾಸೋಹವೆಂಬುದರ ತಿರುಳೂ ಇದೇ ಅಲ್ಲವೆ? ನಗರದಲ್ಲಿ ದುಡಿಯುವ ತಮ್ಮನು ಊರಿನ ಹೊಲದಲ್ಲಿ ನವಿಲು ಕುಣಿಯಲಿ ಎಂದು ಬಯಸುವುದು ತಪ್ಪಲ್ಲ. ಆ ನವಿಲಿನ ಮೇವನ್ನು ಅಣ್ಣನ ತಾಟಿನಿಂದ ತೆಗೆಯುವುದು ತಪ್ಪು.

ನಾವು ಹೇಳಿದ ತೀರ್ಮಾನ ಇಷ್ಟು. ನಾಲ್ಕು ಎಕರೆ ಮಡ್ಡಿಯನ್ನು ಉಳಬಾರದು. ಬಳ್ಳಾರಿ ಜಾಲಿಯನ್ನು ಜೆ.ಸಿ.ಬಿ.ಯಿಂದ ಒಮ್ಮೆಗೇ ಕಿತ್ತು ನೆಲವನ್ನು ಬರಿದು ಮಾಡದೆ, ವರುಷಕ್ಕಿಷ್ಟರಂತೆ ತೆಗೆಯುತ್ತ, ಹುಲ್ಲು ಬೇವು ಬಾರಿಗಳಿಗೆ ಎಡೆ ಮಾಡಿಕೊಡಬೇಕು, ಒಡ್ಡುಗಳನ್ನು ಸರಿಪಡಿಸಬೇಕು. ಎರಡು ಎಕರೆ ಎರಿಯನ್ನು ಹಿರಿಯನು ಬಿತ್ತಬೇಕು. ಕಬ್ಬಲ್ಲ, ಮಳೆಗೆ ಒಗ್ಗುವ ಜೋಳ, ಕಡಲೆ, ತೊಗರಿ. ಫಲವೆಲ್ಲವೂ ಅವನದೇ. ಬೀಜ, ಗೊಬ್ಬರ, ಒಡ್ಡಿನ ಕೆಲಸ ಇವುಗಳ ವೆಚ್ಚವನ್ನು ಮೊದಲ ಮೂರು ವರುಷ ಕಿರಿಯನು ಕೊಡಬೇಕು. ಮಡ್ಡಿಯಿಂದ ಮುಂದೆ ಯಾವುದೇ ಹಣ ಬಂದರೂ ಅರ್ಧಕ್ಕಿಂತ ಹೆಚ್ಚು ಪಾಲು ಊರಿನಲ್ಲಿದ್ದು ಕಾದವನಿಗೆ ಸಲ್ಲಬೇಕು.

ಕಿರಿಯನು ಒಪ್ಪಿದನು. ಹಿರಿಯನು ಅರೆಮನಸ್ಸಿನಿಂದ ಒಪ್ಪಿದನು. ಬೋರಿನ ಆಸೆ ಅವನ ಮನಸ್ಸಿನಿಂದ ಹೋಗಿದೆಯೆಂದು ನಾವು ಹೇಳಲಾರೆವು. ಹಿಪ್ಪರಗಿ ಬ್ಯಾರೇಜಿನ ನೀರು ಏತ ನೀರಾವರಿಯಿಂದ ತಾಲ್ಲೂಕಿನ ಒಣ ಹೊಲಗಳತ್ತ ಏರುತ್ತಿರುವುದನ್ನು ಕಂಡವನಿಗೆ ಆಸೆಯಾಗುವುದು ಸಹಜ. ನೀರು ಬರಲಿ, ಬಂದಾಗ ನದೀತೀರದ ಸವಳು ನೆಲ ಕಣ್ಣ ಮುಂದಿರಲಿ ಎಂದಷ್ಟೇ ಹೇಳಿದೆವು.

ತಾಯಿಯ ಪ್ರಶ್ನೆ ಉಳಿದಿತ್ತು. "ತಾಯಿ, ಭೂಮಿತಾಯಿ ಉಪವಾಸವಿರಲಿಲ್ಲ. ನೀವು ಬಾರದಿದ್ದರೂ ಅವಳು ಉಸಿರಾಡಿದಳು, ಮಳೆಯನ್ನು ಕುಡಿದಳು, ಹಕ್ಕಿಗಳಿಗೆ ಉಣಬಡಿಸಿದಳು. ಪಾಪ ಹತ್ತಿದ್ದರೆ ಅದು ಉಳದೆ ಇದ್ದುದರಿಂದಲ್ಲ, ಹನ್ನೊಂದು ವರುಷ ಅವಳನ್ನು ನೋಡಲು ಹೋಗದೆ ಇದ್ದುದರಿಂದ" ಎಂದೆವು. ಆ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಬರೂ ಎಳ್ಳಮಾಸಿಗಿ ಮಡ್ಡಿಯೊಳಗೂ ಚರಗ ಚೆಲ್ಲಬೇಕ್ರಿ, ಎರಿಯೊಳಗ ಅಷ್ಟ ಅಲ್ಲ" ಎಂದಳು. ಒಂದು ತಿಂಗಳು ನಾವು ಗ್ರಂಥಗಳಲ್ಲಿ ಹುಡುಕಿದ ಉತ್ತರವನ್ನು ಆಕೆ ಒಂದು ಮಾತಿನಲ್ಲಿ ಮುಗಿಸಿದ್ದಳು. ಬಿತ್ತಿದ ನೆಲಕ್ಕೂ ಬಿಟ್ಟ ನೆಲಕ್ಕೂ ಒಂದೇ ಎಡೆ.

ನಿಮ್ಮಲ್ಲಿ ಅನೇಕರು ಊರನ್ನು ಬಿಟ್ಟು ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ನೆಲೆಸಿದ್ದೀರಿ. ನಿಮ್ಮ ಹೆಸರಿನಲ್ಲಿಯೂ ಎಲ್ಲಿಯೋ ಒಂದು ತುಂಡು ಹೊಲವು ಪಡ ಬಿದ್ದಿರಬಹುದು. ಅದನ್ನು ಮಾರಿರೆಂದಾಗಲಿ ಉಳಿರೆಂದಾಗಲಿ ನಾವು ಹೇಳುವುದಿಲ್ಲ. ಒಮ್ಮೆ ಹಾಗೆ ಹೇಳಿ ಕಲಿತಿದ್ದೇವೆ. ಒಂದು ಸಲ ಹೋಗಿ ನೋಡಿರಿ. ಅದು ಮಡ್ಡಿಯೋ ಎರಿಯೋ, ಇಳಿಜಾರೋ ಸಮತಟ್ಟೋ, ಅದನ್ನು ದಣಿಸಿದವರು ಯಾರು, ನೀವಿಲ್ಲದಾಗ ಅದರ ನೀರು ಯಾರ ಬಾವಿಗೆ ಸೇರಿತು, ನಿಮ್ಮ ಪಾಲಿನ ಚಿಂತೆಯನ್ನು ಹೊತ್ತು ಊರಿನಲ್ಲಿ ಉಳಿದವರು ಯಾರು, ಇವನ್ನು ಕೇಳಿ ತಿಳಿಯಿರಿ. ಕರ್ತವ್ಯವು ಆಮೇಲೆ ತಾನಾಗಿಯೇ ಗೋಚರವಾಗುವುದು.

ಆ ಬಡ ಹೆಣ್ಣುಮಗಳು ಈಗಿಲ್ಲ. ಅವಳ ಮಡ್ಡಿಯಲ್ಲಿ ಗರಸಿನ ಮೇಲೆ ಇತ್ತೀಚೆಗೆ ಆವರಿಕೆಯ ಹಳದಿ ಹೂಗಳು ಕಾಣತೊಡಗಿವೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನಾವು ಗಾಡಿಯನ್ನು ನಿಲ್ಲಿಸಿ ಇಳಿದು ಒಂದು ಕ್ಷಣ ನಿಂತು ಹೋಗುತ್ತೇವೆ. ಭೂಮಿಯು ನಮ್ಮ ತಪ್ಪನ್ನು ಮೆಲ್ಲಗೆ ತಿದ್ದುತ್ತಿದೆ. ಅದರ ಕಾಯಕಕ್ಕೆ ಅಡ್ಡಿಯಾಗದಷ್ಟು ವಿನಯವನ್ನೂ, ಕೈ ಬೇಕಾದಲ್ಲಿ ಕೈಗೂಡಿಸುವಷ್ಟು ಶ್ರದ್ಧೆಯನ್ನೂ ಗುರುವು ನಮಗೂ ನಿಮಗೂ ದಯಪಾಲಿಸಲೆಂದು ಹಾರೈಸುತ್ತೇವೆ.